ನಾಲಿಗೆ ಎಳೆದು ನೋಡುವುದೇನು

ಹಾರ್ಲನ್ ಸ್ಪ್ರಿಂಗ್ಸ್, ಉತ್ತರ ಫ್ಲಾರಿಡಾ
೯ ಮಾರ್ಚ್ ೨೦೧೪, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಪ್ರೀತಿಯ ತಮ್ಮ ಕ್ಲಿಯೋಫಸ್‌ಗೆ,

ನಿನ್ನ ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಹಡಗಿನ ಅಡುಗೆಮನೆಯಲ್ಲಿ ದಿನವೆಲ್ಲ ನಿಂತು ಕಾಲು ಊದಿಕೊಳ್ಳುತ್ತದೆ ಎಂದಿದ್ದೆ, ಈಗ ಹೇಗಿದೆ? ಟಿ.ವಿ.ಯಲ್ಲಿ ಸಮುದ್ರದ ಮೇಲೆ ಗಾಳಿ ಎದ್ದಿದೆ ಎಂದಾಗಲೆಲ್ಲ ನನಗೆ ಊಟ ಸೇರುವುದಿಲ್ಲ. ಆ ಗಾಳಿ ಎಲ್ಲೋ, ನೀನಿರುವ ಪನಾಮಾ ಎಲ್ಲೋ ಎಂದು ನಿನ್ನ ಅತ್ತಿಗೆ ಅರ್ನೆಸ್ಟೀನ್ ಬೈಯುತ್ತಾಳೆ. ಅವಳಿಗೇನು, ತಲೆ ಇಟ್ಟಲ್ಲಿ ನಿದ್ದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮೂರು ವಾರದ ಹಿಂದೆ ಇದನ್ನೇ ಬರೆದಿದ್ದರೆ ಸುಳ್ಳಾಗುತ್ತಿತ್ತು. ಇವತ್ತು ನಿಜ. ಅದಕ್ಕೇ ಅವಸರದಲ್ಲಿ ಅಕ್ಷರ ಸೊಟ್ಟ ಆಗುತ್ತಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಂಬಾಕಿನ ಹೊಲಕ್ಕೆ ಹೋದವನ ಬರಹ, ನೀನೇ ಸರಿಮಾಡಿಕೊಂಡು ಓದು.

ಸಂಗತಿ ಏನೆಂದರೆ, ನವೆಂಬರಿನ ಹಬ್ಬದ ಊಟದ ದಿನ ಸೊಪ್ಪಿನ ಪಲ್ಯಕ್ಕೆ ಖಾರದ ಸಾಸ್ ಹಾಕಿಕೊಂಡೆ, ನಾಲಿಗೆಯ ಪಕ್ಕದಲ್ಲಿ ಚುರ್ ಎಂದಿತು. ಕಾರಿನ ಕನ್ನಡಿಯಲ್ಲಿ ನೋಡಿದರೆ ಬೆರಳಿನ ಉಗುರಿನಷ್ಟು ಬಿಳಿ ಮಚ್ಚೆ. ಆಮೇಲೆ ದಿನಕ್ಕೆ ಹತ್ತು ಸಲ ಆ ಕನ್ನಡಿ. ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ, ಕ್ಷಮಿಸು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಅಪ್ಪ ಹೋದಾಗ ಚರ್ಚಿನಲ್ಲಿ ಹಂಚಿದ ಹಾಳೆಯಲ್ಲಿ "ಅಲ್ಪಕಾಲದ ಅನಾರೋಗ್ಯ" ಎಂದು ಅಚ್ಚಾಗಿತ್ತು. ಗಂಟಲಿನಲ್ಲಿ ನೀರೂ ಇಳಿಯದೆ ಹದಿನಾಲ್ಕು ತಿಂಗಳು ನರಳಿದ ಮನುಷ್ಯ ಅಲ್ಪಕಾಲದಲ್ಲಿ ಹೋದರಂತೆ. ಆ ಕಾಯಿಲೆಯ ಹೆಸರೆತ್ತಿದರೆ ಅದು ಮನೆಯೊಳಗೆ ಬಂದು ಕುಳಿತುಕೊಳ್ಳುತ್ತದೆ ಎನ್ನುವ ಹಾಗೆ ಅಮ್ಮ ನಮ್ಮ ಬಾಯಿ ಮುಚ್ಚಿಸಿದ್ದಳು.

ಫೆಬ್ರವರಿಯಲ್ಲಿ ಹಲ್ಲು ಕ್ಲೀನ್ ಮಾಡಿಸುವ ದಿನ ಬಂತು. ಹನ್ನೊಂದು ವರ್ಷದಿಂದ ಅದೇ ಡಾಕ್ಟರ್ ಹ್ಯಾವರ್ಟಿ, ಅದೇ ಕುರ್ಚಿ. ಬಿಳಿಯರಾದರೂ ಮನುಷ್ಯ ಒಳ್ಳೆಯವರು, ಹೆಸರು ಹಿಡಿದು ಮಾತಾಡಿಸುತ್ತಾರೆ. ಹಲ್ಲು ಮುಗಿದ ಮೇಲೆ ಪ್ರತಿ ಸಲವೂ ಬಟ್ಟೆಯ ತುಂಡಿನಲ್ಲಿ ನನ್ನ ನಾಲಿಗೆ ಹಿಡಿದು ಎಳೆದು, ಈ ಕಡೆ ಆ ಕಡೆ ತಿರುಗಿಸಿ, ಕೆನ್ನೆಯೊಳಗೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ "ಏನಾದ್ರೂ ಕೇಳೋದಿದೆಯಾ?" ಎನ್ನುತ್ತಾರೆ. ನಾನು "ಏನಿಲ್ಲ ಡಾಕ್ಟ್ರೇ, ಎಲ್ಲ ಚೆನ್ನಾಗಿದೆ" ಎಂದು ಟೋಪಿ ಎತ್ತಿಕೊಂಡು ಬರುತ್ತೇನೆ. ನಾವೆಲ್ಲ ಹಾಗೇ ತಾನೆ. ಬಿಳಿ ಕೋಟಿನವರು ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಹೆಚ್ಚು ಬಾಯಿಬಿಟ್ಟರೆ ಹಿಂದೆ ನಮ್ಮ ಕರಿಯರ ಮೇಲೆ ಮಾಡಿದ ಹಾಗೆ ನಿನ್ನ ಮೇಲೂ ಏನಾದರೂ ಪ್ರಯೋಗ ಮಾಡಿಯಾರು ಎಂದು ಅಪ್ಪ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈ ಸಲ ಅವರ ಬೆರಳು ಆ ಮಚ್ಚೆಯ ಮೇಲೆ ನಿಂತಿತು. ಹ್ಮ್ ಎಂದರು. ಹಲ್ಲಿನ ಚೂಪು ತಾಗಿ ಆಗಿರಬೇಕು, ಅಂಚು ಉಜ್ಜಿ ನುಣುಪು ಮಾಡುತ್ತೇನೆ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ಕೇಳುವುದಿದೆಯಾ ಎಂದರು. ನಾನು ಟೋಪಿ ಕೈಗೆತ್ತಿಕೊಂಡಿದ್ದೆ ತಮ್ಮ. ಆರು ತಿಂಗಳು ಆ ಕನ್ನಡಿ ನೋಡುತ್ತ ಬದುಕುವುದು ಹೇಗೆ ಎನಿಸಿತು. ಎಲ್ಲಿಂದ ಧೈರ್ಯ ಬಂತೋ ಆ ದೇವರೇ ಬಲ್ಲ, "ಡಾಕ್ಟ್ರೇ, ಹನ್ನೊಂದು ವರ್ಷದಿಂದ ನನ್ನ ನಾಲಿಗೆ ಎಳೀತಿದ್ದೀರಲ್ಲ, ಏನು ಹುಡುಕ್ತಿದ್ದೀರಿ?" ಎಂದೆ.

ಅವರು ಗ್ಲೌಸ್ ಬಿಚ್ಚುತ್ತಿದ್ದವರು ಹಾಗೇ ನಿಂತರು. "ಕ್ಯಾನ್ಸರ್, ಟಿಲ್ಮನ್ ಅವರೇ. ಪ್ರತಿ ಸಲ ಅದನ್ನೇ ನೋಡ್ತೀನಿ."

"ಒಂದು ಸಲಾನೂ ಹೇಳ್ಲಿಲ್ಲವಲ್ಲ."

"ಹೇಳಿದ್ರೆ ಹೆದರಿ ಬರೋದೇ ಬಿಡ್ತೀರೇನೋ ಅಂದ್ಕೊಂಡೆ."

"ಹೆದರೋದೆಲ್ಲ ಮನೇಲೇ ಮುಗಿಸಿಕೊಂಡು ಬಂದಿದ್ದೀನಿ ಡಾಕ್ಟ್ರೇ" ಎಂದೆ. ಅವರು ನಗಲಿಲ್ಲ. ಸ್ಟೂಲ್ ಎಳೆದುಕೊಂಡು ನನ್ನ ಮುಖದ ಮಟ್ಟಕ್ಕೆ ಕುಳಿತರು. ನೀವು ಸೇದುವವರಲ್ಲ, ಇಲ್ಲಿ ತುಂಬಿಕೊಟ್ಟ ಕಾಗದದಲ್ಲಿ ಇಲ್ಲ ಎಂದು ಬರೆದಿದ್ದೀರಿ, ಅದಕ್ಕೇ ಹಲ್ಲು ತಾಗಿರಬೇಕು ಎಂದುಕೊಂಡೆ ಎಂದರು. ನಾನು ಸುಳ್ಳು ಬರೆದಿಲ್ಲ ಕ್ಲಿಯೋಫಸ್. ಸಿಗರೇಟು ಸೇದುತ್ತೀರಾ ಎಂದು ಆ ಕಾಗದದಲ್ಲಿ ಕೇಳುತ್ತಾರೆ, ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿಲ್ಲ. ವರಾಂಡದಲ್ಲಿ ಕುಳಿತು ಗಾಳದ ದಾರ ಕಟ್ಟುತ್ತ ಸಣ್ಣ ಚುರುಟು ಎಳೆಯುತ್ತೇನೆ, ದಿನಕ್ಕೆ ನಾಲ್ಕು, ಐದು. ಚುರುಟನ್ನು ಸೇದುವುದು ಎಂದು ನಮ್ಮಲ್ಲಿ ಯಾರು ಲೆಕ್ಕ ಹಿಡಿದಿದ್ದಾರೆ? ಅದನ್ನು ಹೇಳಿದೆ. ಶನಿವಾರದ ವಿಸ್ಕಿ ಹೇಳಿದೆ. ಶುರುಮಾಡಿದ ಮೇಲೆ ಅಪ್ಪನದ್ದನ್ನೂ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು, "ಆರು ತಿಂಗಳು ಬೇಡ. ಗುರುವಾರವೇ ಟಲಹಾಸಿಯ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು.

ಅಲ್ಲಿ ಪರೀಕ್ಷೆಗೆಂದು ಮಚ್ಚೆಯಿಂದ ಸಾಸಿವೆ ಕಾಳಿನಷ್ಟು ತುಂಡು ತೆಗೆದರು. ಹನ್ನೊಂದು ದಿನ ಕಾಯಿಸಿದರು. ಆ ದಿನಗಳಲ್ಲಿ ಸಮಾಧಿಯ ಜಾಗ, ಹಾಡುವವರು, ನಿನ್ನ ಹಡಗಿಗೆ ಸುದ್ದಿ ಮುಟ್ಟಿಸುವ ಬಗೆ, ಎಲ್ಲ ತೀರ್ಮಾನ ಮಾಡಿದ್ದೆ. ಅರ್ನೆಸ್ಟೀನ್‌ಗೆ ಹೇಳಿದಾಗ ಅವಳು ಅಳಲಿಲ್ಲ. ಚುರುಟಿನ ಡಬ್ಬಿ ತೆಗೆದುಕೊಂಡು ಹೋಗಿ ಕೋಳಿ ಗೂಡಿನ ಹಿಂದೆ ಹೂತು ಬಂದಳು. "ಸಾಯೋ ಯೋಚನೆ ಇದ್ರೆ ಮೊದಲು ಮನೆ ಸೂರಿನ ತೂತು ಮುಚ್ಚಿ ಸಾಯಿ" ಎಂದಳು. ಆಮೇಲೆ ಮೂರು ದಿನ ನನ್ನ ಕೈ ಬಿಡಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರ್ ಹ್ಯಾವರ್ಟಿ ಫೋನಿನಲ್ಲಿ ಹೇಳದೆ ಕರೆಸಿಕೊಂಡರು. ನನ್ನ ಜೀವವೇ ಹೋಗಿತ್ತು. ಅವರು ಮೊದಲು ಹೇಳಿದ್ದೇ "ಇನ್ನೂ ಕ್ಯಾನ್ಸರ್ ಆಗಿಲ್ಲ" ಎಂದು. ಕೆಡಲು ಶುರುವಾಗಿತ್ತು, ಬಿಟ್ಟಿದ್ದರೆ ಅದೇ ಆಗಬಹುದಿತ್ತು, ಈಗ ಪೂರ್ತಿ ಕತ್ತರಿಸಿ ತೆಗೆಯಬಹುದು. ಹೋದ ವಾರ ತೆಗೆದರು, ಕತ್ತರಿಸಿದ ಅಂಚು ಪೂರ್ತಿ ಶುದ್ಧವಾಗಿದೆಯಂತೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ನಾಲ್ಕು ಹೊಲಿಗೆ, ಮಾತು ತೊದಲು, ಊಟ ಬರೀ ಜೋಳದ ಗಂಜಿ. ಆದರೂ ಹಾಡಬೇಕೆನಿಸುತ್ತಿದೆ ತಮ್ಮ.

ಸುಮ್ಮನಿರಲಾಗದೆ ನಿನ್ನೆ ವೆಂಡೆಲ್‌ನ ಕ್ಷೌರದ ಅಂಗಡಿಯಲ್ಲಿ, ಇದ್ದವರೆಲ್ಲರ ಮುಂದೆ ಎಲ್ಲ ಹೇಳಿಬಿಟ್ಟೆ, ಆ ಕಾಯಿಲೆಯ ಹೆಸರು ಹಿಡಿದೇ. "ನೋಡ್ರಪ್ಪಾ, ಬಸ್ ಓಡಿಸ್ತಿದ್ದ ಆರ್ವೆಸ್ಟರ್ ಡಾಕ್ಟ್ರಾಗಿದ್ದಾನೆ, ನಾಲಿಗೆ ಉದ್ದ ಇರೋರೆಲ್ಲ ಸಾಲಾಗಿ ನಿಲ್ಲಿ" ಎಂದು ನನ್ನ ಕಡೆ ಕೈತೋರಿಸಿ ವೆಂಡೆಲ್ ನಗಿಸಿದ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಹಲ್ಲು ಕೀಳಿಸುವುದಕ್ಕೆ, ಕಥೆ ಹೇಳುವುದಕ್ಕಲ್ಲ ಎಂದು ಇನ್ನೊಬ್ಬರು. ನಾನು ಬಾಯಿ ತೆರೆದು ಹೊಲಿಗೆ ತೋರಿಸಿದೆ. ನಗು ನಿಂತಿತು. ಅಂಗಡಿ ಖಾಲಿಯಾದ ಮೇಲೆ ಅದೇ ವೆಂಡೆಲ್ ನನ್ನನ್ನು ಹಿಂದಿನ ಸಿಂಕಿನ ಹತ್ತಿರ ಕರೆದುಕೊಂಡು ಹೋಗಿ, ಕೆಳತುಟಿ ಎಳೆದು ತೋರಿಸಿದ. ಒಳಗೆ ಕೆಂಪಗೆ ಒಂದು ಹುಣ್ಣು. ಅಲ್ಲಿಂದಲೇ ಡಾಕ್ಟರ ಮನೆಗೆ ಫೋನ್ ಮಾಡಿದೆ. ಮಂಗಳವಾರ ಅವನ ಸರದಿ, ಜೊತೆಗೆ ನಾನೂ ಹೋಗುತ್ತೇನೆ. ಮುಂದಿನ ಶನಿವಾರ ಡಾಕ್ಟರೇ ಅಂಗಡಿಗೆ ಬಂದು ಕ್ಷೌರದ ಕುರ್ಚಿಯಲ್ಲೇ ಎಲ್ಲರ ಬಾಯಿ ನೋಡುತ್ತಾರಂತೆ. ಯಾರೂ ಬರದಿದ್ದರೆ ಏನು ಮಾಡುವುದೋ, ಎಲ್ಲರೂ ಬಂದರೆ ಏನು ಮಾಡುವುದೋ, ಎರಡನ್ನೂ ಈಗಲೇ ಲೆಕ್ಕ ಹಾಕುತ್ತಿದ್ದೇನೆ.

ಅತ್ತಿಗೆ ನಿನಗೆ ಮುತ್ತು ಕಳಿಸಿದ್ದಾಳೆ. ಕಾಲಿಗೆ ಬಿಸಿನೀರು ಹಾಕಿಕೋ. ದೇವರು ನಿನ್ನ ಹಡಗನ್ನು ಅಂಗೈಯಲ್ಲಿ ಹಿಡಿದುಕೊಂಡಿರಲಿ.

ನಿನ್ನ ಅಣ್ಣ,
ಆರ್ವೆಸ್ಟರ್

ಮರೆತಿದ್ದೆ: ಸೋಮವಾರ ಬೆಳಿಗ್ಗೆ, ಅಂಚೆಯವನು ಬರುವುದರೊಳಗೆ ಬರೆಯುತ್ತಿದ್ದೇನೆ. ಏಪ್ರಿಲ್ ಹದಿನಾಲ್ಕಕ್ಕೆ ನೀನು ಬಂದಿಳಿದ ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ್ ಹ್ಯಾವರ್ಟಿ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಕಾಗದವನ್ನೂ ನಾನೇ ತುಂಬಿದೆ. ಚುರುಟು: ಹೌದು. ರಮ್: ಹೌದು, ಪ್ರತಿದಿನ. ಅಪ್ಪನ ಕಾಯಿಲೆ: ಕ್ಯಾನ್ಸರ್. ತಪ್ಪಿದ್ದರೆ ಬಂದು ನನಗೆ ಹೊಡೆ. ಬಾಯಲ್ಲಿ ಎರಡು ವಾರವಾದರೂ ವಾಸಿಯಾಗದ ಹುಣ್ಣು, ಮಚ್ಚೆ ಇದೆಯಾ ಎಂಬ ಪ್ರಶ್ನೆ ಒಂದನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಇವತ್ತೇ ಕನ್ನಡಿ ಹಿಡಿದು ನೋಡಿ ನನಗೆ ಬರಿ. ನಾನು ಕಾಯುತ್ತಿರುತ್ತೇನೆ, ಕಾಯುವುದರಲ್ಲಿ ನಾನು ಎಷ್ಟು ದಡ್ಡ ಎಂದು ನಿನಗೆ ಗೊತ್ತು.