ಮೊದಲ ವಾಕ್ಯ

ಜಾಬ್ರಿಯಾ, ಕುವೈತ್

ಆಶಾಲತಕ್ಕನಿಗೆ ನಮಸ್ಕಾರ.

ನಿಮ್ಮ ಗಂಡ ಕೊರಗಪ್ಪಣ್ಣ ಭಾನುವಾರ ನಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸಾವಿನ ಸುದ್ದಿಯನ್ನು ಹೀಗೆ ಮೊದಲ ವಾಕ್ಯದಲ್ಲೇ, ಮನೆಯವರ ಭಾಷೆಯಲ್ಲೇ ಹೇಳಬೇಕೆಂದು ವಾರ್ಡಿನ ನರ್ಸ್‌ಗಳಿಗೆ ನಾನು ಕಲಿಸುತ್ತೇನೆ. ಡ್ಯೂಟಿಯ ಜೊತೆಗೇ ಓದುತ್ತಿರುವ ನರ್ಸಿಂಗ್ ಡಾಕ್ಟರೇಟಿಗೆ ನನ್ನ ಪ್ರಾಜೆಕ್ಟ್ ಅದೇ.

ಕಂಪನಿಯವರು ಹಿಂದಿಯಲ್ಲಿ ಫೋನ್ ಮಾಡಿ ಹೇಳಿದ್ದು ನಿಮಗೆ ಪೂರ್ತಿ ಅರ್ಥವಾಗಿರಲಿಲ್ಲ. ನಿನ್ನೆ ನನಗೆ ಫೋನ್ ಮಾಡಿ ಕೇಳಿದಿರಿ: “ಇವರನ್ನು ಶುಕ್ರವಾರ ಕಳಿಸ್ತಾರಂತಲ್ಲ ಸಿಸ್ಟರ್, ಬಂದ ಕೂಡ್ಲೆ ತಿನ್ಲಿಕ್ಕೆ ಎಂತ ಕೊಡ್ಬೇಕು?”

“ಗಂಜಿ ಕೊಡಿ ಅಕ್ಕ” ಎಂದುಬಿಟ್ಟೆ.

ಇಂದು ಊರಿಗೆ ಹೊರಟ ನನ್ನ ತಮ್ಮ ಇವಾನನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಶುಕ್ರವಾರ ದೇಹ ಬರುವಾಗ ಏರ್‌ಪೋರ್ಟಿಗೆ ಆಂಬುಲೆನ್ಸ್ ಅವನೇ ತರುತ್ತಾನೆ, ನೀವು ಹೋಗಬೇಡಿ.

ಶುಕ್ರವಾರ ಒಲೆ ಹಚ್ಚಬೇಡಿ ಅಕ್ಕ. ಗಂಜಿಯನ್ನು ನೆರೆಮನೆಯವರು ತರಲಿ.

ನಿಮ್ಮ ಸಿಸ್ಟರ್,
ಜೆಸಿಂತಾ