ತಪ್ಪಿದ ಹಾಡನ್ನು ಬೀರುವಿನಲ್ಲಿ ಬಚ್ಚಿಟ್ಟವರಿಗೆ

ಮಾನ್ಯ ಸಾಂಸ್ಕೃತಿಕ ಅಧಿಕಾರಿಗಳೇ,

ಎಲೈಜಾ ಟಕರನಿಗೆ ಒಂದೇ ದಿನದಲ್ಲಿ ಗಿಟಾರ್ ಕಲಿಸಿದ್ದು ದೆವ್ವ ಎಂದು ನಿಮ್ಮ ರಾಥೌಸ್ ಪುರಭವನದ ಗೋಡೆಯ ಫಲಕದ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆಸಿದ್ದೀರಿ. ಅದನ್ನು ಓದಿ ಬಂದ ನನ್ನ ಮೊಮ್ಮಗಳು ತನ್ನ ಗಿಟಾರನ್ನು ಮಂಚದ ಕೆಳಗೆ ತಳ್ಳಿ ಇಂದಿಗೆ ಹನ್ನೊಂದು ದಿನ. ಈ ಪತ್ರ ಅದಕ್ಕಾಗಿ. ಕಂಪ್ಯೂಟರ್ ಕೆಲಸಕ್ಕೆಂದು ಜರ್ಮನ್ ಗ್ರೀನ್ ಕಾರ್ಡ್ ಕೊಟ್ಟು ನಿಮ್ಮ ದೇಶವೇ ಕರೆಸಿಕೊಂಡ ನನ್ನ ಮಗ ಸ್ವರೂಪ್ ಇದನ್ನು ಜರ್ಮನ್‌ಗೆ ತರುತ್ತಾನೆ. ಎಲ್ಲಿಯೂ ಮೆತ್ತಗೆ ಮಾಡಬಾರದೆಂದು ಹೇಳಿದ್ದೇನೆ. ನಮ್ಮ ಕನ್ನಡ ಸಂಘದ ಪತ್ರಿಕೆಗೂ ಕೊಟ್ಟಿದ್ದೇನೆ.

ಟಕರ್ ಅಮೆರಿಕದ ಕಪ್ಪು ಜನಾಂಗದ ಬ್ಲೂಸ್ ಗಾಯಕ. ಹತ್ತಿ ಹೊಲದ ಕೂಲಿ. 1929ರಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ ರೆಕಾರ್ಡಿಗೆ ಎಂಟು ಹಾಡು ಹಾಡಿದ, ಮೂವತ್ತೊಂದನೆಯ ವಯಸ್ಸಿಗೆ ಕ್ಷಯದಿಂದ ಸತ್ತ. ಹಗಲೆಲ್ಲ ಹತ್ತಿ ಬಿಡಿಸಿ ಸೀಳಿದ ಬೆರಳುಗಳಲ್ಲೇ ತಂತಿ ಮೀಟಿ ಕಲಿತವನು. ಇಷ್ಟು ನಿಮಗೆ ಸಾಲದಾಯಿತೇ? ಕೂಲಿಯವನಿಗೆ ವಿದ್ಯೆ ಬಂದರೆ ದೆವ್ವವೇ ಕೊಟ್ಟಿರಬೇಕೇ? ನಿಮ್ಮ ಪಿಯಾನೋ ಪಂಡಿತರಿಗಾದರೆ ಗುರುವಿನ ಹೆಸರು, ಶಾಲೆಯ ಹೆಸರು, ಪದಕದ ಹೆಸರು ಎಲ್ಲವನ್ನೂ ಬರೆಯುತ್ತೀರಿ.

ನನ್ನ ಒಂಬತ್ತು ವರ್ಷದ ಮೊಮ್ಮಗಳು ಅಮೂಲ್ಯಾಳನ್ನು ಶಾಲೆಯವರು ಟಕರನ ಬಗೆಗಿನ ನಿಮ್ಮ ಪ್ರದರ್ಶನಕ್ಕೆ ಕರೆತಂದಿದ್ದರು. ಮೂರು ವಾರದಿಂದ ಒಂದೇ ಗಿಟಾರ್ ಪಾಠದಲ್ಲಿ ತಡವರಿಸುತ್ತಿದ್ದ ಹುಡುಗಿ. ಮನೆಗೆ ಬಂದವಳೇ, "ಅವನಿಗೆ ದೆವ್ವ ಒಂದೇ ದಿನಕ್ಕೆ ಕಲಿಸ್ತಂತೆ ಅಜ್ಜಿ. ನಂಗಿರೋದು ಮಂಗಳವಾರ ಬರೋ ಟೀಚರ್ ಫ್ರೌ ಕೆಲ್ಲರ್ ಒಬ್ರೇ. ನಂಗೆ ಬರಲ್ಲ. ಶ್ಲುಸ್, ಮುಗೀತು" ಎಂದಳು.

ಮರುದಿನವೇ ಸ್ವರೂಪನೊಂದಿಗೆ ಬಂದೆ. ರೆಕಾರ್ಡುಗಳನ್ನು ನಿಮಗೆ ಎರವಲು ಕೊಟ್ಟ ಮುದುಕರೊಬ್ಬರು ಅಲ್ಲಿದ್ದರು. ನಾನು ಬಯ್ಯುವುದನ್ನು ಪೂರ್ತಿ ಕೇಳಿ, ಒಳಗೆ ಕರೆದೊಯ್ದು, ಬೀರುವಿನಿಂದ ಒಂದು ರೆಕಾರ್ಡ್ ತೆಗೆದು ಹಾಕಿದರು. ನೀವು ಹೆಡ್‌ಫೋನಿನಲ್ಲಿ ಕೇಳಿಸುವ ಮೂರನೆಯ ಹಾಡೇ ಅದು. ಆದರೆ ಟಕರ್ ಮೊದಲ ಸಲ ಹಾಡಿದ್ದು, ಮಾರಾಟಕ್ಕೆ ಬಿಡದೆ ಉಳಿದದ್ದು. ನಡುವೆ ಬೆರಳು ತಪ್ಪುತ್ತದೆ. ನಿಲ್ಲಿಸುತ್ತಾನೆ, ಏನೋ ಗೊಣಗುತ್ತಾನೆ, ಅದೇ ಜಾಗಕ್ಕೆ ಹಿಂದಿರುಗುತ್ತಾನೆ. ಮತ್ತೆ ತಪ್ಪುತ್ತದೆ. ಮೂರನೆಯ ಸಲಕ್ಕೆ ಸರಿಹೋಗುತ್ತದೆ. ಅವನ ಇಂಗ್ಲಿಷ್ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಗೊಣಗಾಟ ತಿಳಿಯಿತು. ನಮ್ಮ ಮನೆಯಲ್ಲಿ ಮೂರು ವಾರ ಕೇಳಿದ್ದು ಅದನ್ನೇ.

ಅಷ್ಟರಲ್ಲಿ ಅಲ್ಲಿಗೆ ಬಂದ ನಿಮ್ಮನ್ನು, ಇದನ್ನೇಕೆ ಜನರಿಗೆ ಕೇಳಿಸುವುದಿಲ್ಲ ಎಂದು ಸ್ವರೂಪನಿಂದ ಕೇಳಿಸಿದರೆ, ಜನ ಬರುವುದೇ ದೆವ್ವದ ಕಥೆಗೆ ಎಂದಿರಿ. ನಕ್ಕಿರಿ ಬೇರೆ. ನನಗೆ ಹೇಸಿಗೆಯಾಯಿತು. ಸತ್ತವನ ದುಡಿಮೆಯನ್ನು ಒರೆಸಿ ಆ ಜಾಗದಲ್ಲಿ ಎರಡು ಕೊಂಬು ಬರೆಸುವುದಕ್ಕೆ ಸಂಸ್ಕೃತಿ ಎಂದು ಹೆಸರೇ? ನಾನು ಓದಿದ್ದು ಬರೀ ಹೈಸ್ಕೂಲು. ಅಲ್ಲಿ ಇದನ್ನು ಸುಳ್ಳು ಎನ್ನುತ್ತಿದ್ದರು.

ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೊಮ್ಮಗಳನ್ನು ಕರೆತರುತ್ತೇನೆ. ಅಷ್ಟರಲ್ಲಿ ಆ ಫಲಕ ಕೆಳಗಿಳಿದಿರಬೇಕು. ಅವನು ಎರಡು ಸಲ ತಪ್ಪಿದ್ದು ಅವಳ ಕಿವಿಗೆ ಬೀಳಬೇಕು. ಬೀಳದಿದ್ದರೆ ನಾವಿಬ್ಬರೂ ನಿಮ್ಮ ಕೋಣೆಯಲ್ಲೇ ಕೂರುತ್ತೇವೆ. ಅವಳು ಅಲ್ಲೇ ಅಭ್ಯಾಸ ಮಾಡುತ್ತಾಳೆ. ಪಾಠ ಸರಿಯಾಗಿ ಬರುವವರೆಗೆ ನೀವೂ ಕೇಳುತ್ತೀರಿ.

ಇಂತಿ,
ಮದುವೆಯಾಗಿ ಮೂರು ವರ್ಷ ಮನೆಯವರಿಗೆಲ್ಲ ಸೀದ ರೊಟ್ಟಿ ಬಡಿಸಿ, ಆಮೇಲೆ ಕಲಿತ
ಜಲಜಮ್ಮ