ಮೆಟ್ಟಿಲು ಹತ್ತಿದರೆ ನೋಯುವ ಹಲ್ಲು

ಮಾನ್ಯ ಆರೋಗ್ಯ ಶಿಕ್ಷಣಾಧಿಕಾರಿಗಳೇ,

‘ಹೃದಯ ಹೇಳದೆ ಹೊರಡುವುದಿಲ್ಲ’ ಎಂದೋ, ‘ಹೇಳಿಯೇ ಹೊರಡುತ್ತದೆ’ ಎಂದೋ ಒಂದು ಸಾಲು. ಎಲ್ಲಿ ಓದಿದ್ದೆನೋ ನೆನಪಿಲ್ಲ. ಮುಂದಿನ ಸಾಲಂತೂ ಪೂರ್ತಿ ಅಳಿಸಿಹೋಗಿದೆ. ಪ್ರೇಮದ ಕವಿತೆಯೇ ಇದ್ದೀತು. ಎಂ.ಎ. ಓದುವಾಗ ಬಹಳ ಚೆಂದ ಕಂಡಿತ್ತು. ಈಗ ಕೇಳಬೇಕೆನಿಸುತ್ತದೆ: ಹೇಳುತ್ತದೆ, ಸರಿ. ಯಾರಿಗೆ ಹೇಳುತ್ತದೆ? ಕೇಳಿಸಿಕೊಳ್ಳುವುದಕ್ಕೆಂದೇ ಸಂಬಳ ಪಡೆಯುವವರು ಆ ಹೊತ್ತಿಗೆ ಎಲ್ಲಿರುತ್ತಾರೆ? ನನ್ನ ಅಕ್ಕನ ಹೃದಯ ತಿಂಗಳುಗಟ್ಟಲೆ ಹೇಳಿತು. ನಿಮ್ಮ ಇಲಾಖೆಯ ‘ಹೃದ್ರೋಗ ತಡೆ ಜಾಗೃತಿ ಸಭೆ’ಯಲ್ಲಿ, ನಿಮ್ಮ ಭಾಷಣಕಾರರ ಎದುರಿಗೇ ಹೇಳಿತು. ಅದಕ್ಕೆ ಸಿಕ್ಕ ಉತ್ತರ: “ಹಲ್ಲಿನ ವಿಚಾರ ಮುಂದಿನ ತಿಂಗಳು. ಅದು ಬೇರೆ ವಿಭಾಗ.”

ಅಕ್ಕ ಈಗಿಲ್ಲ. ಅದೇ ಸಭೆ, ಗೋಡೆಗೆ ಹಾಕುವ ಅದೇ ಚಿತ್ರದೊಂದಿಗೆ, ಅಕ್ಕ ದುಡಿಯುತ್ತಿದ್ದ ಅದೇ ಕಾರ್ಖಾನೆಯಲ್ಲಿ ನಾಳೆ ಮತ್ತೆ ನಡೆಯಲಿದೆ ಎಂದು ಗೇಟಿನ ಮೇಲೆ ನಿಮ್ಮ ಪ್ರಕಟಣೆ ಅಂಟಿದೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಹೋದವಳಿಗಾಗಿ ಅತ್ತು ಮುಗಿಸುವುದು ನನ್ನ ಮನೆಯ ಕೆಲಸ, ಅದಕ್ಕೆ ನಿಮ್ಮ ಅನುಮತಿ ಬೇಕಿಲ್ಲ.

ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೋಟುಗಳಿಗೆ ಕೈಯಿಂದ ಗುಂಡಿ ಹಚ್ಚುತ್ತಿದ್ದಳು. ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು, ನಾಲ್ವರಿಗೆ ಒಂದು ಕತ್ತರಿ. ಆ ಕತ್ತರಿ ಕಳೆದುಹೋಗದಿರಲೆಂದು ಅದನ್ನು ಮೇಜಿನ ಕಾಲಿಗೆ ಹುರಿಯಿಂದ ಕಟ್ಟಿರುತ್ತಾರೆ. ಪ್ರತಿ ಗುಂಡಿಗೂ ಬಗ್ಗಿ ಕತ್ತರಿ ಎಳೆದುಕೊಂಡರೆ ದಿನದ ಲೆಕ್ಕ ತುಂಬುವುದಿಲ್ಲ. ಹಾಗಾಗಿ ಎಲ್ಲರೂ ದಾರವನ್ನು ಹಲ್ಲಿನಿಂದಲೇ ಕಚ್ಚಿ ತುಂಡರಿಸುತ್ತಾರೆ. ವರ್ಷಗಳು ಕಳೆದಂತೆ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬೀಳುತ್ತದೆ. ಆ ಮೇಜಿನ ಹೆಂಗಸರು ನಕ್ಕರೆ ಯಾರು ಹಳಬರು, ಯಾರು ಹೊಸಬರು ಎಂದು ಹೇಳಿಬಿಡಬಹುದು. ಅವರಿಗೆಲ್ಲ ದವಡೆ ನೋಯುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ದಾರದ ನೋವು’. ಬಂದರೆ ದವಡೆಯಲ್ಲಿ ಲವಂಗ ಒತ್ತಿಕೊಳ್ಳುತ್ತಾರೆ, ಮತ್ತೆ ಸೂಜಿ ಹಿಡಿಯುತ್ತಾರೆ. ಹೆಸರಿರುವ ನೋವಿಗೆ ಯಾರೂ ಹೆದರುವುದಿಲ್ಲ.

ಅಕ್ಕನಿಗೂ ದಾರದ ನೋವು ಬಂತು. ಆದರೆ ಅವಳದು ಸ್ವಲ್ಪ ವಿಚಿತ್ರವಾಗಿತ್ತು. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಮೇಜಿನ ಮುಂದೆ ಕೂತು ದಾರ ಕಚ್ಚುವಾಗ ಅವಳಿಗೆ ಏನೂ ಆಗುತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗ, ಮೆಟ್ಟಿಲ ಮೇಲೆ ನೋಯುತ್ತಿತ್ತು. ನಿಂತರೆ ಹೋಗುತ್ತಿತ್ತು.

“ನನ್ನ ಹಲ್ಲಿಗೆ ಮೆಟ್ಟಿಲಂದ್ರೆ ಆಗಲ್ಲ ಕಣೇ” ಎನ್ನುತ್ತಿದ್ದಳು. “ಕೆಳಗೆ ಸುಮ್ಮನಿರುತ್ತೆ. ಎರಡನೇ ಮಹಡಿಗೆ ಬಂದ ಕೂಡಲೇ ಶುರು ಮಾಡುತ್ತೆ.”

ಎದುರುಮನೆಯವಳೂ ಅದೇ ಮೇಜಿನವಳು, ಅಕ್ಕನ ಪಕ್ಕದಲ್ಲೇ ಕೂರುವವಳು. ಅವಳ ಬಾಯಿಗೆ ಹೆದರಿ ಕಾರ್ಖಾನೆಯಲ್ಲಿ ಅವಳಿಗೆ ‘ಪಟಾಕಿ’ ಎಂದು ಹೆಸರಿಟ್ಟಿದ್ದಾರೆ. ನಮಗಿಂತ ಚಿಕ್ಕವಳು, ಅಕ್ಕ ಅವಳಿಗೆ ದೊಡ್ಡಕ್ಕ, ನಾನು ಚಿಕ್ಕಕ್ಕ. ಅವಳು ಹೇಳಿದಳು: “ವಯಸ್ಸಾಯ್ತು ದೊಡ್ಡಕ್ಕ, ಹಲ್ಲಿಗೂ ಮಂಡಿನೋವು ಬಂದಿದೆ.” ಮೂವರೂ ಮೆಟ್ಟಿಲ ಮೇಲೆ ನಿಂತು ನಕ್ಕೆವು. ಆ ನಗು ಈಗಲೂ ಆ ಗೋಡೆಗಳಲ್ಲೇ ಎಲ್ಲೋ ಇದೆ. ಸಂಜೆ ದೀಪ ಹಾಕುವ ಮುಂಚೆ ಹತ್ತಿ ಬರುವಾಗ ನನಗೆ ಕೇಳಿಸುತ್ತದೆ.

ಆ ದಿನಗಳಲ್ಲಿಯೇ ನೀವು ದಯಮಾಡಿಸಿದಿರಿ. ನೀವೇ ಅಲ್ಲ, ನೀವು ಬರುವುದುಂಟೇ! ನಿಮ್ಮ ಭಾಷಣಕಾರರನ್ನು ಕಳಿಸಿದಿರಿ. ಊಟದ ವಿರಾಮದಲ್ಲಿ, ಊಟದ ಕೋಣೆಯಲ್ಲಿ ಸಭೆ. ಊಟ ಮಾಡುವುದೋ, ಹೃದಯ ಕಾಪಾಡಿಕೊಳ್ಳುವುದೋ ಎಂಬ ಆಯ್ಕೆಯನ್ನು ಮಹಿಳೆಯರ ವಿವೇಚನೆಗೇ ಬಿಟ್ಟ ನಿಮ್ಮ ಔದಾರ್ಯವನ್ನು ಮೆಚ್ಚಬೇಕು. ಗೋಡೆಯ ಮೇಲೆ ಆಳೆತ್ತರದ ಚಿತ್ರ: ಟೈ ಕಟ್ಟಿದ ದಪ್ಪನೆಯ ಗಂಡಸು, ಕೆಂಪೇರಿದ ಮುಖ, ಬೆರಳ ಸಂದಿಯಿಂದ ಜಾರುತ್ತಿರುವ ಸಿಗರೇಟು, ಎದೆಯ ಎಡಭಾಗವನ್ನು ಹಿಡಿದ ಕೈ. ಇವನೇ ಹೃದ್ರೋಗಿ, ಗುರುತಿಟ್ಟುಕೊಳ್ಳಿ ಎಂದರು ನಿಮ್ಮವರು. ಹಿಂದಿನ ಸಾಲಿನಿಂದ ಪಟಾಕಿ, “ಅಯ್ಯೋ, ನಮ್ಮ ಮ್ಯಾನೇಜರ್ ಫೋಟೋ ಯಾಕೆ ಹಾಕಿದ್ದಾರೆ?” ಎಂದಳಂತೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತಂತೆ.

ಆಮೇಲೆ ಉಪದೇಶ. ದಿನವೂ ನಡೆಯಿರಿ. ಒತ್ತಡ ಮಾಡಿಕೊಳ್ಳಬೇಡಿ. ಹಣ್ಣು ತಿನ್ನಿ. ಚೆನ್ನಾಗಿ ನಿದ್ದೆ ಮಾಡಿ. ಎಲ್ಲವೂ ಒಳ್ಳೆಯ ಮಾತೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸು ಸಿಗದೆ ಎರಡು ಹೊತ್ತೂ ನಡೆದೇ ಬರುವ ಹೆಂಗಸಿಗೆ ನಡೆಯಿರಿ ಎನ್ನುವುದು, ತಡವಾದರೆ ಕೂಲಿ ಮುರಿಯುವ ಗಂಟೆ ತಲೆಯ ಮೇಲೆ ತೂಗುತ್ತಿರುವಾಗ ಒತ್ತಡ ಬಿಡಿ ಎನ್ನುವುದು, ಮುಳುಗುತ್ತಿರುವವರಿಗೆ ನೀರು ಕುಡಿಯಿರಿ ಎಂದಂತಲ್ಲವೇ? ಮೇಜಿನ ಮೇಲೆ ರಕ್ತದೊತ್ತಡ ಅಳೆಯುವ ಯಂತ್ರವೂ ಇತ್ತು. ನಿಮ್ಮ ವರದಿಯ ಫೋಟೋದಲ್ಲಿ ಅದು ಚೆನ್ನಾಗಿ ಬಂದಿದೆ. ಅದರ ಪಟ್ಟಿ ಒಬ್ಬರ ತೋಳಿಗೂ ಸುತ್ತಿಕೊಳ್ಳಲಿಲ್ಲ, ಸಮಯವಿರಲಿಲ್ಲವಂತೆ.

ಕೊನೆಯಲ್ಲಿ ಅಕ್ಕ ಎದ್ದು ನಿಂತಳು. ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಅವಳು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು. ಪಟಾಕಿ ನನಗೆ ಹೇಳಿದ್ದು ಇದು:

“ದೊಡ್ಡಕ್ಕ ಎದ್ದಿದ್ದೇ ನಮಗೆಲ್ಲ ಆಶ್ಚರ್ಯ. ‘ಸಾರ್, ಮೆಟ್ಟಿಲು ಹತ್ತುವಾಗ ದವಡೆ ನೋಯುತ್ತೆ, ನಿಂತ್ರೆ ಹೋಗುತ್ತೆ, ಯಾಕೆ?’ ಅಂದ್ರು. ಆ ಹುಡುಗ ನಕ್ಕುಬಿಟ್ಟ. ಹಲ್ಲಿನ ವಿಚಾರ ಮುಂದಿನ ತಿಂಗಳು, ಅದು ಬೇರೆ ವಿಭಾಗ ಅಂದ. ನಾವೂ ನಕ್ವಿ. ದೊಡ್ಡಕ್ಕಾನೂ ನಕ್ಕರು. ನಗದೆ ಏನು ಮಾಡ್ತಾರೆ ಹೇಳಿ?”

ಆ ಹುಡುಗನನ್ನು ನಾನು ದೂರುವುದಿಲ್ಲ. ನೀವು ಅವನಿಗೆ ಒಂದು ಚಿತ್ರ ಕೊಟ್ಟು ಕಳಿಸಿದ್ದಿರಿ; ಅವನು ಅದನ್ನು ತೋರಿಸಿ ಬಂದ. ನಾನು ದೂರುತ್ತಿರುವುದು ಚಿತ್ರ ಕೊಟ್ಟವರನ್ನು. ಏನೂ ಹೇಳದೆ ಇದ್ದಿದ್ದರೆ ಅಕ್ಕನಿಗೆ ಒಂದು ಅನುಮಾನವಾದರೂ ಉಳಿಯುತ್ತಿತ್ತು. ನೀವು ಧೈರ್ಯ ತುಂಬಿದಿರಿ. ಅಂದು ಸಂಜೆ ಅವಳು ಚಪ್ಪಲಿ ಬಿಡುತ್ತಾ ಹೇಳಿದ ಮಾತು: “ಹೃದಯದ ಕಾಯಿಲೆ ನಮಗೆಲ್ಲ ಬರೋದಲ್ಲ ಬಿಡೇ. ಅದು ಟೈ ಕಟ್ಟೋರಿಗೆ.” ಇದು ನಿಮ್ಮ ಜಾಗೃತಿಯ ಫಲ. ನಿಮ್ಮ ವರದಿಯಲ್ಲಿ ‘ಅರಿವು ಪಡೆದವರು’ ಎಂಬ ಅಂಕಣದಲ್ಲಿ ಅಕ್ಕನೂ ಒಬ್ಬಳು.

ಅರಿವು ಪಡೆದವಳು ನೇರ ಹಲ್ಲಿನ ವೈದ್ಯರ ಬಳಿಗೆ ಹೋದಳು. ಹಲ್ಲು ಅಂಥ ಕೆಟ್ಟಿಲ್ಲವಲ್ಲ ಎಂದರಂತೆ ಅವರು. ಮೇಜಿನವರಿಗೆಲ್ಲ ಇರೋದೇ, ಕಿತ್ತುಬಿಡಿ ಎಂದು ಇವಳೇ ಹಟ ಹಿಡಿದಳು. ಹಿಂದಿನ ಹಲ್ಲೊಂದನ್ನು ಕಿತ್ತರು. ಗಾಯ ಮಾಯಿತು. ಆಮೇಲೊಂದು ಸಂಜೆ ಬಾಗಿಲಲ್ಲಿ ನಿಂತು, ಕೆನ್ನೆಗೆ ಅಂಗೈ ಒತ್ತಿಕೊಂಡು, ನನ್ನನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: “ಇಲ್ಲದ ಹಲ್ಲು ನೋಯ್ತಿದೆ ಕಣೇ.”

ಮಾನ್ಯರೇ, ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಕವಿತೆ ಓದಿಕೊಂಡು ಬಂದವಳು. ಎಂಥೆಂಥದೋ ಸಾಲುಗಳು ನನ್ನ ಮೈ ನಡುಗಿಸಿವೆ. ಇದರಷ್ಟು ಯಾವುದೂ ಅಲ್ಲ. ಮಾರನೆಯ ದಿನವೇ ದೊಡ್ಡಾಸ್ಪತ್ರೆಗೆ ಹೋಗೋಣ ಎಂದೆ. ತಿಂಗಳ ಕೊನೆ, ಕೋಟುಗಳು ಹೋಗಬೇಕು, ಭಾನುವಾರ ಹೋಗೋಣ ಎಂದಳು.

ಶನಿವಾರ ತರಕಾರಿ ಚೀಲ ಹಿಡಿದು ಇಬ್ಬರೂ ಹತ್ತುತ್ತಿದ್ದೆವು. ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಂತಳು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಅದು ಬೆವರುವ ಹವೆಯಾಗಿರಲಿಲ್ಲ. “ನೀನು ಹೋಗಿ ಬೀಗ ತೆಗಿ, ಕೂತು ಬರ್ತೀನಿ” ಎಂದಳು. ಬೀಗ ತೆಗೆದು ಚೀಲ ಇಟ್ಟು ಬರುವಷ್ಟರಲ್ಲಿ ಅವಳು ಗೋಡೆಗೆ ಒರಗಿದ್ದಳು. ಕೈ ದವಡೆಯ ಮೇಲಿತ್ತು. ಎದೆಯ ಮೇಲಲ್ಲ, ಮಾನ್ಯರೇ. ನಿಮ್ಮ ಚಿತ್ರದ ಪ್ರಕಾರ ಅವಳಿಗೆ ಏನೂ ಆಗಿರಲಿಲ್ಲ.

ಆಸ್ಪತ್ರೆಯ ವೈದ್ಯೆ ನನ್ನನ್ನು ಕೂರಿಸಿಕೊಂಡು ಕೇಳಿದರು: “ದವಡೆ ನೋವು ಮೊದಲೂ ಬರ್ತಿತ್ತಾ? ಹತ್ತುವಾಗ ಬಂದು, ನಿಂತರೆ ಹೋಗ್ತಿತ್ತಾ?” ಹೂಂ ಎಂದೆ. ಹೃದಯದ ನೋವು ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ, ತೋಳಿಗೆ ಬರಬಹುದು, ದಣಿದಾಗ ಬಂದು ವಿರಮಿಸಿದರೆ ಹೋಗುವ ಯಾವ ನೋವನ್ನೂ ಕಡೆಗಣಿಸಬಾರದು ಎಂದು ತಿಳಿಸಿ ಹೇಳಿದರು. ಒಂದು ನಿಮಿಷದ ಮಾತು. ನಿಮ್ಮ ಸಭೆಯಲ್ಲಿ ಸ್ವಾಗತ ಭಾಷಣವೇ ಅದಕ್ಕಿಂತ ಉದ್ದವಿತ್ತು.

ಅಂದಿನಿಂದ ಮೆಟ್ಟಿಲ ಮೇಲೆ ಯಾರ ಹೆಜ್ಜೆ ನಿಂತರೂ ನನ್ನ ಓದು ನಿಲ್ಲುತ್ತದೆ. ಮತ್ತೆ ಆ ಹೆಜ್ಜೆ ಹೊರಡುವವರೆಗೆ ಪುಟ ತಿರುಗುವುದಿಲ್ಲ. ಆ ಮೇಜಿನ ಮುಂದೆ ಈಗಲೂ ಎಷ್ಟೋ ಹೆಂಗಸರು ದವಡೆಯಲ್ಲಿ ಲವಂಗ ಒತ್ತಿಕೊಂಡು ಕೂತಿದ್ದಾರೆ. ಬಹುಪಾಲು ದಾರದ ನೋವೇ ಇರಬಹುದು. ಯಾರದು ಅಲ್ಲ? ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ನಿಮಗೆ? ಅಕ್ಕನ ಕಥೆ ಹೇಳೋಣವೆಂದು ಹೋದರೆ ಅವರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ನಂಬುವುದು ಗೋಡೆಯ ಮೇಲಿನ ಚಿತ್ರವನ್ನು. ಅದಕ್ಕೆ ಸರ್ಕಾರದ ಮೊಹರಿದೆಯಲ್ಲ.

ಆದ್ದರಿಂದ ನಾಳೆ ಆ ಚಿತ್ರವನ್ನು ತರಬೇಡಿ. ಬೇರೆ ಬರೆಸಿ. ಮೆಟ್ಟಿಲ ತಿರುವಿನಲ್ಲಿ ನಿಂತ, ದವಡೆಗೆ ಕೈ ಒತ್ತಿಕೊಂಡ ತೆಳ್ಳನೆಯ ಹೆಂಗಸು. ಮಾದರಿ ಬೇಕಿದ್ದರೆ ಅಕ್ಕನ ಫೋಟೋ ಕೊಡುತ್ತೇನೆ, ಅವಳು ಬೇಡ ಅನ್ನುವುದಿಲ್ಲ. ಅವರ ಊಟ ಮುಗಿದ ಮೇಲೆ, ಕೂಲಿ ಮುರಿಯದ ಹೊತ್ತಿನಲ್ಲಿ, ಅವರ ಮೇಜಿನ ಬಳಿಗೇ ಹೋಗಿ ಕೂತುಕೊಳ್ಳಿ. ಮಾತಾಡುವ ಮೊದಲು ಕೇಳಿ: ನಿಮಗೆ ಎಲ್ಲಿ ನೋಯುತ್ತೆ, ಯಾವಾಗ ನೋಯುತ್ತೆ, ಆ ನೋವಿಗೆ ಏನಂತ ಕರೀತೀರಿ? ಆ ಯಂತ್ರದ ಪಟ್ಟಿಯನ್ನು ಪ್ರತಿಯೊಬ್ಬರ ತೋಳಿಗೂ ಸುತ್ತಿ. ದಣಿದಾಗ ನೋಯುತ್ತದೆ ಎಂದು ಯಾರೇ ಹೇಳಲಿ, ಅವರನ್ನು ನೀವು ಬಂದ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಅಂದಿನ ಕೂಲಿ ಮುರಿಯಬಾರದೆಂದು ಮಾಲೀಕರಿಗೆ ಬರೆದು ಕೊಡಿ. ಇದಾಗದಿದ್ದರೆ ನಾಳೆಯ ಸಭೆ ರದ್ದು ಮಾಡಿ. ತಪ್ಪು ಧೈರ್ಯಕ್ಕಿಂತ ಬರಿಯ ಭಯವೇ ಮೇಲು.

ಇಂತಿ,
ಎರಡನೇ ಮಹಡಿಯ ತಿರುವನ್ನು ಇಂದಿಗೂ ಕಣ್ಮುಚ್ಚಿ ದಾಟುವ,
ಅರಿವು ಪಡೆದವಳ ತಂಗಿ

ಸಹಿ ಹಾಕಿದ ಮೇಲೆ ಸೇರಿಸುತ್ತಿದ್ದೇನೆ. ಈಗಷ್ಟೇ ಮೆಟ್ಟಿಲ ಮೇಲೆ ಒಂದು ಹೆಜ್ಜೆ ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಹೊರಟಿತು. ಬಾಗಿಲು ತೆರೆದರೆ ಪಟಾಕಿ. ಕೆಳಗಿನಿಂದಲೇ ಮಾತಾಡುತ್ತಾ ಬರುವವಳು ಇಂದು ಸದ್ದಿಲ್ಲದೆ ಬಂದಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೆನ್ನೆಯ ಮೇಲೆ. ಎರಡು ಲವಂಗ ಇದೆಯಾ ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿ, ಈಗಲೇ ಆಸ್ಪತ್ರೆಗೆ ನಡಿ ಎಂದು ಅವಳ ತೋಳು ಹಿಡಿದೆ. ಅವಳು ನನ್ನ ಕೈ ಬಿಡಿಸಿಕೊಳ್ಳುತ್ತಾ ಹೇಳಿದಳು:

“ಇವತ್ತು ಬೇಡ ಚಿಕ್ಕಕ್ಕ. ಅಲ್ಲಿ ಹೋದ್ರೆ ಬೆಳಗ್ಗೆವರೆಗೂ ಬಿಡಲ್ಲ. ನಾಳೆ ಕಾರ್ಖಾನೇಲಿ ಹೃದಯದ ಮೀಟಿಂಗ್ ಇದೆ, ತಪ್ಪಿಸಿದ್ರೆ ಅರ್ಧ ದಿನದ ಕೂಲಿ ಹಿಡೀತಾರೆ.”